ಮಾವ ಆರಿಸಿದ ಬೂಟು

ಹಸಿ ಮೊಟ್ಟೆಯ ವಾಸನೆ ಬಂದರೆ ಇವತ್ತಿಗೂ ನನ್ನ ಹೊಟ್ಟೆ ತೊಳಸುತ್ತದೆ. ಮನೆಯಲ್ಲಿ ಯಾರಾದರೂ ಮೊಟ್ಟೆ ಒಡೆದರೆ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಹೆಂಡತಿ ನಗುತ್ತಾಳೆ. ನಗಲಿ. ಅವಳ ಬಾಯಿಗೆ ಯಾರೂ ಗೊಟ್ಟ ಇಟ್ಟಿಲ್ಲ.

ಗೊಟ್ಟ ಅಂದರೆ ಬಿದಿರಿನ ಕೊಳವೆ. ದನದ ಗದ್ದ ಎತ್ತಿ ಹಿಡಿದು, ಅದನ್ನು ದವಡೆಯ ಮಗ್ಗುಲಿಗೆ ತೂರಿಸಿ, ಔಷಧವನ್ನೋ ಎಣ್ಣೆಯನ್ನೋ ಗಂಟಲಿಗೆ ಸುರಿಯುತ್ತಾರೆ. ಎಂಬತ್ತರ ದಶಕದ ಶುರುವಿನಲ್ಲಿ, ಹಾನಗಲ್ ತಾಲೂಕಿನ ಆಡೂರಿನಲ್ಲಿ, ನನ್ನ ಸೋದರಮಾವ ಆ ಗೊಟ್ಟದಿಂದ ದಿನಾ ಬೆಳಿಗ್ಗೆ ನನಗೆ ಹಸಿ ಮೊಟ್ಟೆ, ಕುಸುಬಿ ಎಣ್ಣೆ ಕಲಸಿ ಕುಡಿಸಿದ. ಹುಡುಗ ಓಟಗಾರ ಆಗಲಿ ಅಂತ. ಥೂ!

ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ನನ್ನನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಮಾವ ಉಣ್ಣಲು ಹಾಕಿದ, ಸಾಲಿ ಕಲಿಸಿದ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಮನುಷ್ಯನಿಗೆ ಜಗತ್ತಿನಲ್ಲಿ ತಿಳಿದಿದ್ದು ಒಂದೇ: ಹೋರಿ. ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿ ಬಿಡುತ್ತಾರೆ. ಹೋರಿಯ ಕೊರಳಿಗೆ ಒಣ ಕೊಬ್ಬರಿಯ ಸರ ಕಟ್ಟಿ, ಜನ ತುಂಬಿದ ಓಣಿಯಲ್ಲಿ ಓಡಿಸುತ್ತಾರೆ. ಎರಡೂ ಕಡೆ ನಿಂತ ಹುಡುಗರು ಮೈಮೇಲೆ ಹಾರಿ ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ಸರ ಸಮೇತ ಪಾರಾದ ಹೋರಿಗೆ ಊರೆಲ್ಲ ಹೆಸರು. ಕೊಬ್ಬರಿ ಕೊಟ್ಟ ಹೋರಿ ಮಾವನ ಕೊಟ್ಟಿಗೆಯಲ್ಲಿ ಮುಂದಿನ ಸಂತೆಯವರೆಗೆ ಮಾತ್ರ ನಿಲ್ಲುತ್ತಿತ್ತು. ಮಾರಿಬಿಡುತ್ತಿದ್ದ. ಆದರೆ ಹಗ್ಗ ಕೊಡುತ್ತಿರಲಿಲ್ಲ. ದನ ಮಾರಿದರೂ ಹಗ್ಗ ಮಾರಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಮಾರಿದ ಹೋರಿಗಳ ಹಗ್ಗಗಳೆಲ್ಲ ಕೊಟ್ಟಿಗೆಯ ಗೋಡೆಯ ಗೂಟಕ್ಕೆ ಜೋತುಬಿದ್ದಿರುತ್ತಿದ್ದವು. ಹಬ್ಬಕ್ಕೊಮ್ಮೆ ಮಾವ ಅವಕ್ಕೆ ಎಣ್ಣೆ ಸವರುತ್ತಿದ್ದ. ನಾವು ಹತ್ತಿರ ಹೋದರೆ ಸಾಕು, "ಮುಟ್ಟಬ್ಯಾಡ್ರಿ!" ಅಂತ ಚೀರುತ್ತಿದ್ದ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದ ವರ್ಷ ಹಿರೇಕೆರೂರಿನ ಕೆಲವು ತರುಣರು ಹೊಸ ನಮೂನೆಯ ಪಂದ್ಯ ಇಟ್ಟರು. ಮಾಸೂರಿನ ಮದಗದ ಕೆರೆಯಲ್ಲಿ ಈಜಬೇಕು, ಅಲ್ಲಿಂದ ಸೈಕಲ್ ಹೊಡೆದುಕೊಂಡು ಹಿರೇಕೆರೂರಿಗೆ ಬರಬೇಕು, ಬಂದವರು ಸೈಕಲ್ ಒಗೆದು ಊರು ಸುತ್ತಿ ಓಡಬೇಕು. ಮೂರೂ ಒಂದೇ ದಮ್ಮಿಗೆ. ಧಾರವಾಡದ ಕಾಲೇಜೊಂದರ ಆಟದ ಮಾಸ್ತರರು ನೋಡಲು ಬರುವವರಿದ್ದರು. ಮೊದಲು ಬಂದ ಇಬ್ಬರಿಗೆ ಕಾಲೇಜಿನಲ್ಲಿ ಸೀಟು, ಹಾಸ್ಟೆಲಿನಲ್ಲಿ ಜಾಗ. ಅದು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ಯಾಕೆಂದರೆ ಮಾವ ಆಗಲೇ ನನ್ನನ್ನು ಸವಣೂರಿನ ಎಲೆ ಅಂಗಡಿಗೆ ಹಾಕುವ ಮಾತಾಡಿಕೊಂಡು ಬಂದಿದ್ದ. ಓಡಿ ಗೆದ್ದರೆ ಧಾರವಾಡ, ಸೋತರೆ ಜೀವಮಾನವಿಡೀ ವೀಳ್ಯದೆಲೆ ಎಣಿಸುವುದು.

ಹೆದರುತ್ತ ಮಾವನ ಮುಂದೆ ಬಾಯಿಬಿಟ್ಟೆ. ಅವನ ಮುಖ ಅರಳಿತು. ಅಲ್ಲೇ ನಾನು ಎಚ್ಚರಾಗಬೇಕಿತ್ತು.

"ಓಡಸೂದು ಅಂದ್ರ ಈ ಸೀಮ್ಯಾಗ ನನ್ನ ಬಿಟ್ರ ಯಾರಿಗೆ ಗೊತ್ತೈತಿ? ನೀ ಸುಮ್ನಿರು. ನಾ ತಯಾರ ಮಾಡ್ತೇನಿ."

ಮೊದಲು ಬೂಟು. ನಾನು ಅಲ್ಲಿಯವರೆಗೆ ಓಡಿದ್ದೆಲ್ಲ ಬರಿಗಾಲಲ್ಲಿ. ಶಿಗ್ಗಾಂವಿಯ ಸಂತೆಯಲ್ಲಿ ಹಳೇ ಬೂಟಿನ ರಾಶಿ ಹಾಕಿಕೊಂಡು ಕೂರುವವನೊಬ್ಬನಿದ್ದ. ರಾಶಿಯಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸು ನನ್ನ ಕಣ್ಣಿಗೆ ಬಿತ್ತು. ಹಗುರಾಗಿತ್ತು, ಕಾಲಿಗೆ ಸರಿಯಾಗಿ ಕೂತಿತು. ಮಾವ ಅದನ್ನು ಕಿತ್ತುಕೊಂಡು ರಾಶಿಗೆ ಒಗೆದ.

"ಇದು ಮದುಮಗಂದು. ಎರಡು ಮಳಿಗೆ ಹರೀತೈತಿ." ಆಮೇಲೆ ಒಂದೊಂದೇ ಬೂಟು ಎತ್ತಿ ಮಡಚಿ, ತಳವನ್ನು ಗೆಣ್ಣಿನಿಂದ ಬಡಿದು, ಕೊನೆಗೆ ಮೂಗಿಗೆ ಹಿಡಿದು ನೋಡಿದ. ಸಂತೆಯಲ್ಲಿ ದನದ ಗೊರಸನ್ನೂ ಹೀಗೇ ನೋಡುತ್ತಿದ್ದ. ಆರಿಸಿದ್ದು ಯಾವನೋ ಪೊಲೀಸಪ್ಪ ಹಾಕಿ ಸವೆಸಿದ ಕಂದು ಕ್ಯಾನ್ವಾಸು ಬೂಟು. ನನ್ನ ಕಾಲಿಗಿಂತ ಒಂದು ಬೆರಳು ದೊಡ್ಡದು. ಒಳಗೆ ಕೈ ಹಾಕಿದರೆ ಹಸಿ ಹಸಿ, ಅಂಟು ಅಂಟು. ಸತ್ತ ಹೆಗ್ಗಣದ ನಾತ.

"ಮಾವಾ, ನಾರಾಕತ್ತೈತಿ."

"ನಾರಿದ್ರ ನಾರಲಿ. ಮೂಗಿಲೆ ಓಡ್ತೀಯೇನು?"

ಮನೆಗೆ ಬಂದ ಮೇಲೆ ನಾತಕ್ಕೂ ಔಷಧ ಹುಡುಕಿದ. ಬೂಟನ್ನು ಒಂದು ದಿನ ಪೂರ್ತಿ ಆಕಳ ಗಂಜಲದಲ್ಲಿ ನೆನೆಹಾಕಿದ. ಹುಳ ಬಿದ್ದ ಗೊರಸಿಗೆ ಅದೇ ಮದ್ದಂತೆ. ಒಣಗಿದ ಬೂಟಿನಿಂದ ಪೊಲೀಸಪ್ಪನ ವಾಸನೆ ಹೋಗಲಿಲ್ಲ, ಅದರ ಮೇಲೆ ಗಂಜಲದ ವಾಸನೆ ಏರಿತು. ಅದನ್ನು ಹಾಕಿಕೊಂಡು ಹೊರಟರೆ ಓಣಿಯ ನಾಯಿಗಳು ಮೂಗು ಚಾಚಿಕೊಂಡು ಬೆನ್ನು ಹತ್ತುತ್ತಿದ್ದವು.

ಚಡ್ಡಿಯ ಕತೆ ಇನ್ನೂ ಹೇಸಿಗೆ. ಹೋರಿಯ ಬೆನ್ನಿಗೆ ಹೊದಿಸುವ ಜೂಲಕ್ಕೆ ತಂದ ಕೆಂಪು ಸಾಟಿನ್ ಬಟ್ಟೆ ಉಳಿದಿತ್ತು. ಹಾನಗಲ್ಲಿನ ದರ್ಜಿಯ ಹತ್ತಿರ ಅದರಲ್ಲೇ ನನಗೊಂದು ಚಡ್ಡಿ ಹೊಲಿಸಿದ. ಬಾಡಿಗೆಗೆ ತಂದ ಸೈಕಲ್ಲಿಗೆ ಹಿಂದಿನ ಬ್ರೇಕೇ ಇರಲಿಲ್ಲ. ಅದನ್ನು ಹಾಕಿಸು ಅಂದರೆ ಹ್ಯಾಂಡಲ್ಲಿಗೆ ಗೆಜ್ಜೆ ಕಟ್ಟಿ, ಎರಡೂ ಕಡೆ ಬಣ್ಣದ ಗೊಂಡೆ ಇಳಿಬಿಟ್ಟ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಊರ ಜನ ಕಟ್ಟೆಯ ಮೇಲೆ ಕೂತು, "ಹೋರಿ ಬಂತಲೇ, ದಾರಿ ಬಿಡ್ರಿ," ಅಂತ ಕಿಸಿಯುತ್ತಿದ್ದರು. ನನಗೆ ಅವರ ಹಲ್ಲು ಕಂಡರೆ ಮೈ ಉರಿಯುತ್ತಿತ್ತು.

ಈಜು ಕಲಿಸಿದ್ದು ಕೆರೆಯಲ್ಲಿ, ನಿಜವಾದ ಹೋರಿಯ ಜೊತೆಗೆ. ಹೋರಿಗೆ ದಮ್ಮು ಬರಲಿ ಅಂತ ನೀರಿಗಿಳಿಸುವುದು ಎಲ್ಲರೂ ಮಾಡುವ ಕೆಲಸ. ಮಾವ ನನ್ನ ನಡುವಿಗೂ ಒಂದು ಹಗ್ಗ ಕಟ್ಟಿ, ದಂಡೆಯ ಮೇಲೆ ನಿಂತು ಎರಡು ಹಗ್ಗ ಹಿಡಿದ. ಹೋರಿ ನೀರಿಗಿಳಿದೊಡನೆ ಬಾಲ ಎತ್ತುತ್ತಿತ್ತು. ಅದರ ಸಗಣಿ ತೇಲಿಕೊಂಡು ನನ್ನ ಬಾಯಿಯ ಮಟ್ಟಕ್ಕೆ ಬರುತ್ತಿತ್ತು. ನಾನು ದಂಡೆಯ ಕಡೆ ತಿರುಗಿದರೆ, "ಹೋಯ್! ಹೋಯ್!" ಅಂತ ಬೆದರಿಸಿ ಮತ್ತೆ ನಡುನೀರಿಗೆ ಅಟ್ಟುತ್ತಿದ್ದ.

ಅವ್ವ ಒಂದು ದಿನ ತಡೆಯಲಾರದೆ ಅಂದಳು, "ಅಣ್ಣಾ, ಅವ ಮನಿಷ್ಯಾ ಅದಾನೋ, ಹೋರಿ ಅಲ್ಲ."

"ಹೋರಿ ಆಗಿದ್ರ ಇಷ್ಟು ಹಟಾ ಮಾಡ್ತಿರ್ಲಿಲ್ಲ ಬಿಡವಾ," ಅಂದ ಮಾವ, ನನ್ನ ಗದ್ದ ಎತ್ತಿ ಗೊಟ್ಟ ತೂರಿಸುತ್ತ. ಬಾಯಲ್ಲಿ ಲೋಳೆ, ಮೂಗಿನಲ್ಲಿ ಎಣ್ಣೆ. ಉಗುಳಲು ಹೋದರೆ ಗಂಟಲು ನೀವಿ ನೀವಿ ಇಳಿಸುತ್ತಿದ್ದ.

ಪಂದ್ಯಕ್ಕೆ ಒಂದು ವಾರ ಇದ್ದಾಗ ಮಾವ ನನ್ನ ಓಟವನ್ನೇ ನಿಲ್ಲಿಸಿದ. ಹೋರಿಯನ್ನು ಬಿಡುವ ಮುಂಚೆ ಹಗಲೆಲ್ಲ ಕತ್ತಲೆಯಲ್ಲಿ ಕಟ್ಟಿ ಹಾಕಿದರೆ ಸೊಕ್ಕು ಏರುತ್ತದೆ, ಬಿಟ್ಟಾಗ ಬಾಣದಂತೆ ಹೋಗುತ್ತದೆ ಅನ್ನುವುದು ಅವನ ಶಾಸ್ತ್ರ. ನನ್ನನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂಡಿ ಹಾಕಿದ. ನೆನೆಸಿದ ಹುರುಳಿ, ಬೆಲ್ಲ, ಮತ್ತೆ ಆ ಮೊಟ್ಟೆ. ನನಗೆ ಸೊಕ್ಕು ಏರಲಿಲ್ಲ. ಹೊಟ್ಟೆ ಉಬ್ಬಿತು, ಕಾಲು ಜೋಮು ಹಿಡಿದವು. ಬಾಗಿಲ ಸಂದಿಯಿಂದ ಕೊಟ್ಟಿಗೆಯ ಗೂಟದ ಹಗ್ಗಗಳನ್ನು ನೋಡುತ್ತ ಧಾರವಾಡ, ಧಾರವಾಡ ಅಂತ ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಅದೊಂದೇ ಆಸೆಗೆ ಎಲ್ಲ ನುಂಗಿದೆ.

ಪಂದ್ಯದ ದಿನ ಮದಗದ ದಂಡೆಯ ಮೇಲೆ ನನ್ನ ಕೆಂಪು ಚಡ್ಡಿ ಕಂಡು ಜನ ಹೋ ಅಂದರು. ಮಾವ ಚೀಲದಿಂದ ಕೊಬ್ಬರಿಯ ಸರ ತೆಗೆದ. ಹಿರೇಕೆರೂರಿನ ತರುಣನೊಬ್ಬ ಓಡಿ ಬಂದು ಕೈ ಹಿಡಿದ.

"ಕಾಕಾ, ಇದೆಲ್ಲಾ ನಡ್ಯಾಂಗಿಲ್ರಿ. ನೀರಾಗ ಕುತ್ತಿಗಿಗೆ ಸಿಕ್ಕೊಂಡ್ರ ಏನ್ ಮಾಡ್ತೀರಿ?"

ಮಾವ ಮುಖ ಗಂಟಿಕ್ಕಿಕೊಂಡು ಸರವನ್ನು ಚೀಲಕ್ಕೆ ಹಾಕಿದ. "ಕೊಬ್ಬರಿ ಇಲ್ದ ಓಟ ಎಂಥಾ ಓಟ!" ಅಂತ ಗೊಣಗಿ, ಹಿರೇಕೆರೂರಿಗೆ ಹೋಗುವ ಲಾರಿ ಹತ್ತಿದ. ತೊಲಗಿದ ಅಂತ ನಾನು ನಿಟ್ಟುಸಿರುಬಿಟ್ಟೆ.

ನೀರಲ್ಲಿ ತೊಂದರೆ ಆಗಲಿಲ್ಲ. ಹಗ್ಗವಿಲ್ಲದೆ, ಸಗಣಿಯಿಲ್ಲದೆ ಈಜುವುದು ಇಷ್ಟು ಹಗುರು ಅಂತ ಅವತ್ತೇ ಗೊತ್ತಾಗಿದ್ದು. ಮೇಲೆ ಬಂದಾಗ ಚಡ್ಡಿ ಬಣ್ಣ ಬಿಟ್ಟು ತೊಡೆಯಿಂದ ಕೆಂಪು ನೀರು ಸೋರುತ್ತಿತ್ತು. ಹೆಂಗಸೊಬ್ಬಳು, "ಅಯ್ಯಯ್ಯೋ, ಹುಡುಗಗ ಏನಾತವಾ!" ಅಂತ ಬಾಯಿ ಬಡಿದುಕೊಂಡಳು. ಬೂಟು ಏರಿಸಿ ಸೈಕಲ್ ಹತ್ತಿದೆ. ಗೆಜ್ಜೆ ಘಲ್ ಘಲ್. ಬೆಳಗಿನ ಮೊಟ್ಟೆ ಒಳಗೆ ಕುಲುಕಿ ಕುಲುಕಿ ದಾರಿಯ ನಡುವೆ ಬಾಯಿಗೆ ಬಂತು. ಇಳಿಯದೆ, ಹ್ಯಾಂಡಲ್ಲಿನ ಮೇಲೆಯೇ ಕಾರಿಕೊಂಡೆ. ಬಣ್ಣದ ಗೊಂಡೆಯೆಲ್ಲ ಹಳದಿ ಲೋಳೆ. ಆದರೆ ಕಾರಿಕೊಂಡ ಮೇಲೆ ಮೈ ಹಗುರಾಯಿತು. ಮುಂದಿದ್ದವರನ್ನು ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿದೆ. ಹಿರೇಕೆರೂರಿನಲ್ಲಿ ಸೈಕಲ್ ಒಗೆದು ಓಟ ಶುರು ಮಾಡಿದಾಗ ನನ್ನ ಮುಂದೆ ಒಬ್ಬನೇ ಇದ್ದ. ಊರಿನ ಅರ್ಧ ಸುತ್ತುವಷ್ಟರಲ್ಲಿ ಅವನೂ ಹಿಂದೆ ಬಿದ್ದ. ದೊಡ್ಡ ಬೂಟು ಒಳಗೊಳಗೇ ಜಾರಿ ಹಿಮ್ಮಡಿ ಸುಲಿದಿತ್ತು, ಆದರೂ ಓಡಿದೆ. ತುದಿಯಲ್ಲಿ ಹಗ್ಗ ಹಿಡಿದು ನಿಂತವರು ಕಂಡರು. ಅವರ ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಧಾರವಾಡದ ಮಾಸ್ತರರು. ಅವರು ನನ್ನನ್ನೇ ನೋಡುತ್ತಿದ್ದರು. ಆ ಸುಖವನ್ನು ನಾನು ಇಷ್ಟು ವರ್ಷದಲ್ಲಿ ಇನ್ನೊಮ್ಮೆ ಕಂಡಿಲ್ಲ.

ಆಗ ಗುಂಪಿನೊಳಗಿಂದ ಮಾವ ನುಗ್ಗಿದ. ಅವನ ಕಣ್ಣಲ್ಲಿ ನೀರಿತ್ತು. "ನನ್ನ ಹೋರಿ! ನನ್ನ ಹೋರಿ ನೋಡ್ರಲೇ!" ಅಂತ ಕೂಗುತ್ತ ನನ್ನ ಜೊತೆ ನಾಲ್ಕು ಹೆಜ್ಜೆ ಓಡಿ, ಕೊಬ್ಬರಿಯ ಸರವನ್ನು ಕೊರಳಿಗೆ ಒಗೆದೇಬಿಟ್ಟ.

ನಮ್ಮ ಸೀಮೆಯ ಗಂಡಸರ ಕೈಗೆ ಬುದ್ಧಿ ಬೇಕಿಲ್ಲ. ಓಡುವ ಕೊರಳಲ್ಲಿ ಕೊಬ್ಬರಿ ಕಂಡರೆ ಕೈ ತಾನೇ ಹಾರುತ್ತದೆ. "ಕೊಬ್ಬರಿ!" ಅಂತ ಯಾವನೋ ಚೀರಿದ. ಮುಂದಿನ ಚಣ ನನ್ನ ಬೆನ್ನ ಮೇಲೆ ಒಬ್ಬ, ಕುತ್ತಿಗೆಗೆ ಒಬ್ಬ, ಕಾಲಿಗೆ ಇನ್ನೊಬ್ಬ. ಮುಖ ಮಣ್ಣಿಗೆ ಬಿತ್ತು. ಅವರ ಬೆವರು, ಬೀಡಿ, ಎಲೆಯಡಿಕೆಯ ಉಗುಳು ಎಲ್ಲ ನನ್ನ ಮೈಗೆ. ಬನಿಯನ್ ಹರಿಯಿತು, ಸರ ಹರಿಯಿತು. ಗೆದ್ದವರಂತೆ ಕೊಬ್ಬರಿ ಬಟ್ಟಲು ಎತ್ತಿ ಹಿಡಿದು ಕುಣಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಮೂವರು ಹಗ್ಗ ದಾಟಿದ್ದರು. ಮಾಸ್ತರರು ಮೊದಲಿಬ್ಬರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ತರುಣರು ಹೋಗಿ ನಡೆದದ್ದನ್ನು ಹೇಳಿದರು. ಮಾಸ್ತರರು ನನ್ನ ಕೆಂಪು ತೊಡೆ ನೋಡಿ, ಕೊಬ್ಬರಿಯ ಕತೆ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟೇ.

ನಾನು ಮಾವನ ಒಂದು ಮಾತಿಗಾಗಿ ಕಾದೆ. ತಪ್ಪಾಯಿತು ಅಂದಿದ್ದರೂ ಸಾಕಿತ್ತು. ಅವನು ಮಣ್ಣಿನಲ್ಲಿ ಬಿದ್ದಿದ್ದ ಹರಿದ ದಾರ ಎತ್ತಿ ಸುತ್ತಿಕೊಳ್ಳುತ್ತ ಮೆಲ್ಲಗೆ, "ಕೊಬ್ಬರಿ ಕೊಟ್ಟೆಲ್ಲೋ," ಅಂದ. ಆ ಮುಖಕ್ಕೆ ಉಗಿಯಬೇಕು ಅನ್ನಿಸಿತ್ತು.

ಮುಂದಿನ ವಾರ ನನ್ನನ್ನು ಕರೆದುಕೊಂಡು ಸವಣೂರಿನ ಬಸ್ಸು ಹತ್ತಿದ. ಎಲೆ ಅಂಗಡಿಯ ಒಳಗೆ ಒದ್ದೆ ಗೋಣಿತಾಟಿನ ಮೇಲೆ ಪೆಂಡಿ ಪೆಂಡಿ ವೀಳ್ಯದೆಲೆ, ಮೂಲೆಯಲ್ಲಿ ಕೊಳೆತ ಎಲೆಯ ಗುಡ್ಡೆ, ಅದರ ಮೇಲೆ ನುಸಿ. ಮಾಲೀಕರು ಒಳ್ಳೆಯವರೇ. "ಬಾರಪ್ಪಾ, ಕುಂಡ್ರು," ಅಂದರು. ಮಾವ ಅವರ ಜೊತೆ ಚಹಾ ಕುಡಿದು ಎದ್ದ. ಹೊಸ್ತಿಲ ತನಕ ಹೋಗಿ ತಿರುಗಿ ಬಂದ.

"ಬೂಟು ಬಿಚ್ಚು."

"ಯಾಕ?"

"ಬಿಚ್ಚಂದ್ರ ಬಿಚ್ಚು."

ಬಿಚ್ಚಿದೆ. ಎರಡೂ ಬೂಟಿನ ಲಾಡಿ ಕೂಡಿಸಿ ಗಂಟು ಹಾಕಿ, ಹೆಗಲಿಗೆ ಜೋತುಬಿಟ್ಟುಕೊಂಡು, ಹಿಂದೆ ನೋಡದೆ ಬಸ್ ನಿಲ್ದಾಣದ ಕಡೆ ನಡೆದ. ಸಂತೆಯಲ್ಲಿ ಹೋರಿ ಮಾರಿ ಹಗ್ಗ ಹೆಗಲಿಗೆ ಹಾಕಿಕೊಂಡು ಅವನು ಹಾಗೇ ನಡೆಯುವುದನ್ನು ನಾನು ಎಷ್ಟು ಸಲ ನೋಡಿದ್ದೆನೋ! ನಾನು ಬರಿಗಾಲಲ್ಲಿ ಕೊಳೆತ ಎಲೆಯ ಮೇಲೆ ನಿಂತಿದ್ದೆ. ಬೆರಳ ಸಂದಿಯಲ್ಲಿ ಪಿಚಕ್ ಅಂದಿತು.

ಆಮೇಲೆ ಅವ್ವನೇ ಸವಣೂರಿಗೆ ಬಂದು ಹೋಗುತ್ತಿದ್ದಳು, ನಾನು ಆಡೂರಿನ ಕಡೆ ತಲೆ ಹಾಕಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ಅವಳು ಜ್ವರ ಬಿದ್ದಾಳೆ ಅಂತ ತಿಳಿದು ಹೋಗಬೇಕಾಯಿತು. ಮಾವನ ಕಣ್ಣಿಗೆ ಪೊರೆ ಬಂದಿತ್ತು, ಹೋರಿ ಸಾಕುವುದನ್ನು ಬಿಟ್ಟಿದ್ದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಖಾಲಿ ಕೊಟ್ಟಿಗೆಗೆ ಇಣುಕಿದೆ. ಗೂಟದಲ್ಲಿ ಹಗ್ಗಗಳ ನಡುವೆ ಆ ಕಂದು ಬೂಟು ಜೋತುಬಿದ್ದಿತ್ತು. ಅದಕ್ಕೂ ಎಣ್ಣೆ ಸವರಿದ್ದ. ಕ್ಯಾನ್ವಾಸಿಗೆ ಯಾರಾದರೂ ಎಣ್ಣೆ ಹಚ್ಚುತ್ತಾರಾ? ಎಣ್ಣೆ ಕುಡಿದು ಕುಡಿದು ಕಪ್ಪಾಗಿ, ಧೂಳು ಮೆತ್ತಿ, ನಾರುತ್ತಿತ್ತು. ಕುಸುಬಿ ಎಣ್ಣೆ. ಕಿತ್ತು ತಿಪ್ಪೆಗೆ ಒಗೆಯಬೇಕು ಅಂತ ಕೈ ಎತ್ತಿದೆ.

"ಯಾರ್ರೀ ಅದು?" ಬಾಗಿಲಲ್ಲಿ ಮಾವ ಗೋಡೆ ಹಿಡಿದುಕೊಂಡು ನಿಂತಿದ್ದ. ನನ್ನ ಗುರುತು ಹತ್ತಿರಲಿಲ್ಲ. "ಅವನ್ನ ಮುಟ್ಟಬ್ಯಾಡ್ರಿ. ಅವು ನನ್ನ ಹೋರೀವು."