ಬೈಕುಲ್ಲಾದ ಹೂವು, ಅಂಧೇರಿಯ ಸೈನ್ಯ

ಧಾರವಾಡದಿಂದ ಸಂಜೆ ಹೊರಟ ರೈಲು ಬೆಳಿಗ್ಗೆ ದಾದರ್ ತಲುಪಿದಾಗ ಶಬಾನಾ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು. ನಾನು ಎದುರಿಗೆ ಹೋಗಿ ನಿಂತರೂ ಸುಮ್ಮನಿದ್ದಳು. "ಶಬ್ಬೂ" ಎಂದ ಮೇಲೆ ನಕ್ಕು ಅಪ್ಪಿಕೊಂಡಳು. ಗದ್ದಲದಲ್ಲಿ ಹಾಗಾಯಿತೆಂದುಕೊಂಡೆ.

ಕಾಲೇಜಿನಲ್ಲಿ ನಾವು ಒಂದೇ ಬೆಂಚಿನವರು. ಅವಳು ವಿಜಯಪುರದವಳು, ಮದುವೆಯಾಗಿ ಅಂಧೇರಿ ಸೇರಿದವಳು. ಇಷ್ಟು ವರ್ಷ ನಮ್ಮನ್ನು ಜೋಡಿಸಿಟ್ಟದ್ದು ಒಂದು ಆಟ. ಹೆಬ್ಬೆರಳೆತ್ತರದ ಸೈನಿಕರನ್ನೂ ಕುದುರೆಗಳನ್ನೂ ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ ಯುದ್ಧ ಮಾಡುವ ಆಟ. ಬೊಂಬೆಗಳನ್ನು ಹುಡುಕಿ ಕೊಳ್ಳುವುದು ನನ್ನ ಕೆಲಸ, ಬಣ್ಣ ಹಚ್ಚುವುದು ಅವಳದು. ತೊಗರಿಬೇಳೆಯಷ್ಟು ಮುಖದಲ್ಲಿ ಕಣ್ಣು ಬರೆದು ಆ ಕಣ್ಣಿಗೆ ಸಿಟ್ಟೂ ತರಿಸುತ್ತಿದ್ದಳು. ಎರಡು ವರ್ಷದಿಂದ ಕೊರಿಯರ್‌ನಲ್ಲಿ ಹೊಸ ಸೈನ್ಯವೊಂದನ್ನು ಕಳಿಸುತ್ತಾ ಬಂದಿದ್ದೆ. ಅದು ಸಿದ್ಧವಾದ ಮೇಲೆ ಒಂದು ದೊಡ್ಡ ಯುದ್ಧ ಆಡುವುದೆಂದು ಮಾತಾಗಿತ್ತು. ಈ ಸಲ ಅದಕ್ಕೇ ಬಂದಿದ್ದೆ. "ಮೊದಲ ಹೂವು ನೋಡೂಣು, ಆಮ್ಯಾಲೆ ಆಟ" ಎಂದಿದ್ದಳು ಫೋನಿನಲ್ಲಿ.

ದಾದರಿನಲ್ಲಿ ಇಡ್ಲಿ, ಚಹಾ ಮುಗಿಸಿ ಐದು ರೂಪಾಯಿಯ ಟಿಕೆಟ್ಟಿನಲ್ಲಿ ಲೋಕಲ್ ಹತ್ತಿ ಬೈಕುಲ್ಲಾಕ್ಕೆ ಹೋದೆವು. ಫೆಬ್ರವರಿಯ ಬೆಳಗು, ಬಿಸಿಲು ಇನ್ನೂ ಹಿತವಾಗಿತ್ತು. ಅಲ್ಲಿನ ಮ್ಯೂಸಿಯಂ ಪಕ್ಕದ ತೋಟದಲ್ಲಿ ಹೂವಿನ ಪ್ರದರ್ಶನ. ಸೇವಂತಿಗೆಯಲ್ಲಿ ಕಟ್ಟಿದ ನವಿಲು, ಚೆಂಡುಹೂವಿನ ಕಮಾನು, ಸಾಲು ಕುಂಡಗಳಲ್ಲಿ ಡೇಲಿಯಾ. ಜನ ಫೋಟೋ ತೆಗೆಯುವ ಭರದಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಶಬಾನಾ ಮಾತ್ರ ಪ್ರತಿ ಹೂವಿನ ಮುಂದೆ ನಿಂತು, ಕತ್ತು ಓರೆ ಮಾಡಿ ಬೇರೆಲ್ಲೋ ನೋಡುತ್ತಿದ್ದಳು.

"ಹೂವು ಇಲ್ಲೈತಿ, ನೀ ಎತ್ತಾಗ ನೋಡಾಕತ್ತಿ?" ಎಂದೆ.

"ನೆಟ್ಟಗ ನೋಡಿದ್ರ ಕಾಣೂದಿಲ್ಲ ಸುಮಾ. ನಡುವ ಒಂದು ಕರಿ ಚುಕ್ಕಿ ಕುಂತೈತಿ. ಅಂಚಿನಾಗಷ್ಟ ಕಾಣತೈತಿ." ಹೂವಿನ ಬೆಲೆ ಹೇಳುವಷ್ಟು ಸರಾಗವಾಗಿ ಹೇಳಿದಳು. "ವರಸ ಒಂದೂವರಿ ವರಸ ಆತು. ಡಾಕ್ಟರ್ ಇಲಾಜ್ ಇಲ್ಲ ಅಂದಾರ. ಬಣ್ಣ ತಿಳೀತೈತಿ. ಅದಕ್ಕ ನಿನ್ನ ಹೂವಿಗೆ ಕರಕೊಂಡ ಬಂದೆ. ಇಷ್ಟು ದೊಡ್ಡ ಬಣ್ಣ ಮತ್ತೆಲ್ಲಿ ಸಿಗತೈತಿ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬೊಂಬಿ ಕಳಸೂದು ಬಿಡ್ತಿದ್ದಿ."

ಮುಂದಿನ ಕುಂಡಗಳ ಹೆಸರುಗಳನ್ನು ನಾನೇ ಓದಿ ಹೇಳುತ್ತಾ ಹೋದೆ. ಮ್ಯೂಸಿಯಂ ಒಳಗೆ ಹೋಗೋಣವೆಂದಾಗ ಅವಳು ಬೇಡವೆಂದಳು. ಗಾಜಿನ ಹಿಂದಿನದೆಲ್ಲ ಅವಳಿಗೆ ಬರೀ ಹೊಳಪಂತೆ.

ಮಧ್ಯಾಹ್ನ ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿಗೆ, ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಅವರ ಬಿಲ್ಡಿಂಗಿಗೆ. ಗಂಡ ಡ್ಯೂಟಿಗೆ ಹೋಗಿದ್ದರು. ಊಟಕ್ಕೆ ಜೋಳದ ರೊಟ್ಟಿ, ಖೀಮಾ. ಆಮೇಲೆ ಅವಳು ಕಪಾಟು ತೆರೆದಳು. ನಾನು ಕಳಿಸಿದ ಬೊಂಬೆಗಳೆಲ್ಲ ಹತ್ತಿಯ ಮೇಲೆ ಸಾಲಾಗಿ ಮಲಗಿದ್ದವು. ಮೊದಲ ಐದಾರಕ್ಕೆ ಬಣ್ಣವಿತ್ತು. ಒಂದರ ಕಣ್ಣು ಕೆನ್ನೆಗೆ ಇಳಿದಿತ್ತು. ಉಳಿದವು ಬೂದು ಬಣ್ಣದಲ್ಲೇ ಇದ್ದವು.

ಆದರೂ ಆಡಿದೆವು. ಅವಳು ಒಂದೊಂದನ್ನೂ ಬೆರಳಲ್ಲಿ ಸವರಿ, ಇದು ಈಟಿಯವ, ಇದು ನಗಾರಿಯವ ಎಂದು ಗುರುತಿಸಿ ಹೂಡಿದಳು. ದಾಳದ ಲೆಕ್ಕ ನಾನು ಹೇಳಬೇಕೆಂದು ಮಾತು. ಅವಳ ಕುದುರೆದಳ ನನ್ನ ಕೋಟೆಯ ಬಾಗಿಲಿಗೆ ಬಂದಿತ್ತು. ದಾಳ ಎಸೆದಳು. ಎರಡು ಬಿತ್ತು. ನನ್ನ ಬಾಯಿಂದ "ಆರು" ಎಂದು ಬಂದುಬಿಟ್ಟಿತು.

ಅವಳು ದಾಳವನ್ನು ತಡಕಿ ಹಿಡಿದು, ಮೇಲಿನ ಕುಳಿಗಳ ಮೇಲೆ ಬೆರಳಾಡಿಸಿದಳು.

"ಎರಡು ಐತಿ," ಎಂದಳು ಮೆಲ್ಲಗೆ. "ನಿನ್ನ ಜೋಡಿ ಸೋತ್ರ ನನಗ ಬ್ಯಾಸರಿಲ್ಲ. ಹಿಂಗ ಗೆಲ್ಲಸಬ್ಯಾಡ."

ನಾನು ಏನು ಹೇಳಿದರೂ ಅದು ಇನ್ನೊಂದು ಸುಳ್ಳಿನ ಹಾಗೇ ಕೇಳಿಸುತ್ತಿತ್ತು. "ತಪ್ಪಾತು" ಎಂದೆ. ಅವಳು ಕುದುರೆಗಳನ್ನು ತಾನೇ ಹಿಂದಕ್ಕೆ ಸರಿಸಿದಳು. ಇನ್ನೂ ಸ್ವಲ್ಪ ಹೊತ್ತು ಆಡಿದೆವು, ಆದರೆ ಇಬ್ಬರೂ ಅಪರಿಚಿತರ ಮರ್ಯಾದೆಯಲ್ಲಿ. ಕೋಟೆ ಬೀಳುವ ಮೊದಲೇ ಚಹಾದ ಹೊತ್ತಾಯಿತು, ಆಮೇಲೆ ನನ್ನ ರೈಲಿನ ಹೊತ್ತು. ಅವಳು ಬೊಂಬೆಗಳನ್ನೆಲ್ಲ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟಳು. "ಬಣ್ಣ ನೀನ ಹಚ್ಚು. ಕೆಟ್ಟರೂ ನಡೀತೈತಿ." ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ದಾದರಿನವರೆಗೂ ಬಂದಳು. ಒಬ್ಬಳೇ ಹೇಗೆ ವಾಪಸ್ ಹೋಗುತ್ತೀ ಎಂದರೆ, "ಹಾದಿ ಕಾಲಿಗೆ ಗೊತ್ತೈತಿ, ನೀ ಸುಮ್ಮನ ಹತ್ತು" ಎಂದಳು. ನಾನು ಹತ್ತಿ ಕಿಟಕಿಯ ಬಳಿ ಕೂತೆ. ಗಾಡಿ ಅಲುಗಿದಾಗ ಅವಳು ಕೈ ಎತ್ತಿ ಬೀಸತೊಡಗಿದಳು, ನನ್ನ ಕಿಟಕಿಗಲ್ಲ, ಮುಂದಿನದಕ್ಕೆ. ಕೂಗಿದೆ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಆ ಕಿಟಕಿಯಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ಒಂದು ಗಳಿಗೆ ಅವಳನ್ನೇ ನೋಡಿ, ಬಳೆಯ ಕೈಯನ್ನು ಸರಳುಗಳಾಚೆ ಚಾಚಿ ತಿರುಗಿ ಬೀಸಿದಳು. ಶಬಾನಾಳ ಮುಖದಲ್ಲಿ ನಗು ಅರಳಿತು.