ಮೇಯರ್ ಸಾಹೇಬರ ಕಲ್ಲು, ಥೆಲ್ಮಾ ದೊಡ್ಡಮ್ಮನ ಹೊಗೆ

ನಮ್ಮ ಥೆಲ್ಮಾ ದೊಡ್ಡಮ್ಮ ಇಸ್ಪೀಟಿನಲ್ಲಿ ಮೋಸ ಮಾಡುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಲ್ಲಿನ ಕಥೆ ಕೇಳಿ ನೀವು ಆಕೆಯನ್ನು ದೇವತೆ ಮಾಡಿಬಿಡುತ್ತೀರಿ. ಆಸ್ಪತ್ರೆಯ ಬಟ್ಟೆ ಒಗೆದು ನಮ್ಮನ್ನೆಲ್ಲ ಸಾಕಿದವಳು, ನಿಜ. ಆದರೆ ಮೀನು ಎಲ್ಲಿ ಸಿಕ್ಕಿತೆಂದು ಕೇಳಿದರೆ ಸುಳ್ಳು ಜಾಗ ಹೇಳುತ್ತಾಳೆ. ಬಾಯಿಯಂತೂ ಕೇಳಲೇಬೇಡಿ.

ಆಕೆಗಿದ್ದದ್ದು ಒಂದೇ ಹಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ನಮ್ಮೂರಿನಾಚೆ ಹಳ್ಳದ ತಿರುವೊಂದಿದೆ. ಆಕೆಯ ಮುತ್ತಜ್ಜಿ ಪುಟ್ಟ ಹುಡುಗಿಯಾಗಿದ್ದಾಗ, ಕುದುರೆ ಏರಿ ಬಂದ ಬಿಳಿಯರು ಅಲ್ಲಿ ಈ ನೆಲದ ಮೂಲನಿವಾಸಿಗಳಾದ ನಮ್ಮವರನ್ನೆಲ್ಲ ಗುಂಡಿಟ್ಟು ಕೊಂದರು. ಹುಡುಗಿಯೊಬ್ಬಳೇ ಉಳಿದಳು. ಅವರ ನೆನಪಿನ ಕಲ್ಲು ಆ ತಿರುವಿನಲ್ಲೇ ನಿಲ್ಲಬೇಕು, ತಾನು ಸಾಯುವುದರೊಳಗೆ ನಿಲ್ಲಬೇಕು ಎಂದು ದೊಡ್ಡಮ್ಮನ ಹಟ. ಆದರೆ ಆ ಜಮೀನು ದನ ಸಾಕುವ ಬಿಳಿಯ ಡಂಕನ್‌ನದು. ಅವನು ಗೇಟಿಗೆ ಬೀಗ ಜಡಿದಿದ್ದ. ಅವನ ಉಸಾಬರಿ ಬೇಡವೆಂದು ಪುರಸಭೆಯವರು ಕಲ್ಲನ್ನು ರಸ್ತೆ ಬದಿಯ ಪಾರ್ಕಿನಲ್ಲಿ, ಶೌಚಾಲಯದ ಪಕ್ಕ ನಿಲ್ಲಿಸಿದರು. ಥೂ! ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮ ಮಾತ್ರ ಒಳಗೊಳಗೇ ನಕ್ಕು, "ಇರ್ಲಿ ಬಿಡೇ, ಹೊಗೆ ನಾನೇ ಹಾಕ್ತೀನಿ" ಎಂದಳು.

ಇಂಥ ಕೆಲಸಕ್ಕೆ ನಮ್ಮಲ್ಲಿ ಹಸಿ ನೀಲಗಿರಿ ಸೊಪ್ಪಿನ ಹೊಗೆ ಹಾಕುತ್ತೇವೆ. ಸತ್ತವರ ಕಾಟ ತಟ್ಟದಿರಲೆಂದು ಬಂದವರೆಲ್ಲ ಅದರೊಳಗೆ ಹಾಯಬೇಕು. ಆಮೇಲೆ ತೀರಿಕೊಂಡ ಹಿರಿಯರನ್ನು ಕೂಗಿ, ಬಂದವರು ಯಾರೆಂದು ಪರಿಚಯ ಹೇಳಬೇಕು. ಅದಾಗದೆ ಮೇಯರ್ ಕಲ್ಲಿಗೆ ಹೊದಿಸಿದ ಪರದೆ ಎಳೆಯುವಂತಿಲ್ಲ.

ಕಲ್ಲಿನ ಅನಾವರಣದ ದಿನ ದೊಡ್ಡಮ್ಮ ಮರದ ತಟ್ಟೆಯಲ್ಲಿ ಹೊಗೆ ಎಬ್ಬಿಸಿ, ಶೌಚಾಲಯದ ಕಡೆಗೆ ಕಿವಿಗೊಟ್ಟು ನಿಂತಳು.

"ಮೇಯರ್ ಸಾಹೇಬ್ರೇ, ನಮ್ಮೋರು ಸತ್ತಿದ್ದು ಇಲ್ಲಲ್ಲ. ಇಲ್ಲಿ ನಿಂತು ಕೂಗಿದ್ರೆ ಒಳಗೆ ಕೂತಿರೋ ಲಾರಿ ಡ್ರೈವರ್ ಓಗೊಡ್ತಾನೆ, ಅಷ್ಟೇ."

"ಮತ್ತೇನಮ್ಮಾ ಮಾಡೋದು?" ಎಂದರು ಮೇಯರ್.

"ಹೊಗೆ ಹಿಂದೆ ಬನ್ನಿ."

ಹೊರಟೇಬಿಟ್ಟಳು! ಮೇಯರ್, ಪಾದ್ರಿ, ಪತ್ರಿಕೆಯವರು, ನಮ್ಮ ಮನೆಯ ಮಕ್ಕಳುಮರಿ, ಎಲ್ಲರೂ ಕೆಮ್ಮುತ್ತಾ ಹಿಂದೆ ಹಿಂದೆ. ಮೇಯರ್ ಪ್ಯಾಂಟಿಗೆ ಮುಳ್ಳು ಮೆತ್ತಿದ್ದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗೇಟಿನ ಬಳಿ ಡಂಕನ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅವನೂ ದೊಡ್ಡಮ್ಮನೂ ಒಂದೇ ಶಾಲೆಯಲ್ಲಿ ಕಿತ್ತಾಡಿ ಬೆಳೆದವರು.

"ಏನೇ ಥೆಲ್ಮಾ, ನನ್ನ ಜಮೀನಿಗೆ ಮೆರವಣಿಗೆನಾ?"

"ಹಳ್ಳದ ತಿರುವಿಗೆ ನೀನ್ಯಾಕೋ ಒಬ್ನೇ ಹೋಗಲ್ಲ?"

ಡಂಕನ್ ಸೊಂಟದಿಂದ ಕೈ ತೆಗೆದ. "ಯಾರು ಹೇಳಿದ್ದು ನಿಂಗೆ?"

"ನೀನೇ. ಕುಡಿದಾಗೆಲ್ಲ ಊರಿಗೇ ಹೇಳ್ತೀಯಲ್ಲ. ನಿಮ್ಮಪ್ಪನೂ ಹೋಗ್ತಿರ್ಲಿಲ್ಲ. ಹೊಗೆ ತಗೊಳ್ದೆ ಇಷ್ಟು ವರ್ಷ ಹೆಂಗೋ ಬದುಕಿದೆ, ಮಾರಾಯ? ಬಾ, ಬಗ್ಗು."

ಡಂಕನ್ ಬೀಗ ತೆಗೆದ. ಟೋಪಿ ಕಳಚಿ, ಹೊಗೆಯೊಳಗೆ ತಲೆ ಬಗ್ಗಿಸಿದ.

ತಿರುವು ತಲುಪಿದಾಗ ಅವನೇ ಮೆಲ್ಲಗೆ ಕೇಳಿದ: "ಯಾವ ಜಾಗದಲ್ಲಿ ಆಗಿದ್ದು?"

"ನೀನು ನಿಂತಿರೋ ಕಡೆ."

ಡಂಕನ್ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ, "ಆ ಕಲ್ಲು ಎತ್ತೋಕೆ ನನ್ನ ಟ್ರ್ಯಾಕ್ಟರ್ ಸಾಕಾಗತ್ತೆ. ನಾಳೆನೇ ತರ್ತೀನಿ" ಎಂದ.

ದೊಡ್ಡಮ್ಮ ಕಣ್ಣು ತುಂಬಿಕೊಂಡು ನೀರಿನ ಕಡೆಗೆ ತಿರುಗಿ, ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿದಳು:

"ಅಜ್ಜಾ, ಅಜ್ಜೀ, ನಾನು ಥೆಲ್ಮಾ. ಇವನು ಡಂಕನ್. ಒರಟ, ಆದ್ರೂ ಗೇಟು ತೆಗೆದ, ಇವನಿಗೇನೂ ಮಾಡ್ಬೇಡಿ. ನಿಮ್ಮ ಪುಟ್ಟಿ ಬದುಕಿದ್ಲು. ಇಗೋ, ನಾವು ಇಷ್ಟು ಜನ ಆಗಿದೀವಿ."