ಖಾಲಿ ಚಿಪ್ಪಿಗೆ ಹುಟ್ಟದ ಹಾಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಾಡು ಕೇಳುವುದಕ್ಕೂ ಸರದಿ ಇತ್ತು. ಇದ್ದದ್ದು ಒಂದೇ ಟೇಪ್ ರೆಕಾರ್ಡರ್, ಕಿವಿಗಳು ಮಾತ್ರ ಐದು ಜೊತೆ. ಅಪ್ಪನಿಗೆ ನಾಟಕದ ಹಾಡು ಬೇಕು, ಅಮ್ಮನಿಗೆ ಭಾವಗೀತೆ, ಅಕ್ಕನಿಗೆ ಸಿನಿಮಾದ ಮೆಲ್ಲನೆಯ ಹಾಡು, ನನಗೆ ಡೋಲು ಜೋರಾಗಿ ಬಡಿಯುವಂಥದ್ದು. ಅಜ್ಜಿ ಏನನ್ನೂ ಕೇಳುತ್ತಿರಲಿಲ್ಲ. ಅವಳ ಹಾಡು ಅವಳ ಬಾಯಲ್ಲೇ ಇತ್ತು.

ನಮ್ಮೂರು ಹಾಲ್ಕುರಿಕೆಯ ಹತ್ತಿರ. ಅಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಅಂದಾಗ ಇಳಿಸಿ, ಸುಲಿದು, ಮಚ್ಚಿನ ಬೆನ್ನಿನಿಂದ ಮೆಲ್ಲಗೆ ಬಡಿದು ಚಿಪ್ಪು ಬಿಡಿಸುತ್ತಾರೆ. ಒಳಗಿನ ಕೊಬ್ಬರಿ ಉಂಡೆ ಇಡಿಯಾಗಿ ಬರಬೇಕು; ಹೋಳಾದರೆ ಬೆಲೆಯಿಲ್ಲ. ಒಣಗುವ ಮೊದಲು ಅಟ್ಟದ ಕಾಯಿ ಮುಟ್ಟಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಚಟ್ನಿಗೆ ಕಾಯಿ ಇಲ್ಲದಿದ್ದರೆ ಅಮ್ಮ ಪಕ್ಕದ ಮನೆಗೆ ಹೋಗುತ್ತಿದ್ದಳೇ ಹೊರತು ಅಟ್ಟದ ಏಣಿ ಹತ್ತುತ್ತಿರಲಿಲ್ಲ.

ಆ ಶನಿವಾರ, ಭಾನುವಾರ ಎರಡು ದಿನವೂ ಕೊಬ್ಬರಿಯ ಕೆಲಸ. ಸಿಪ್ಪೆಯ ಧೂಳಿಗೆ ಎಲ್ಲರ ಹುಬ್ಬೂ ಕಂದು ಬಣ್ಣವಾಗಿತ್ತು, ಅಂಗಳವೆಲ್ಲ ಎಣ್ಣೆಯ ಸಿಹಿವಾಸನೆ. ನನಗೆ ಎಲ್ಲವನ್ನೂ ಬರೆದಿಡುವ ಚಟ. ಇಡೀ ಉಂಡೆಗೊಂದು ಗೀಟು, ಹೋಳಿಗೊಂದು ಸೊನ್ನೆ ಹಾಕುತ್ತ ಕೂತಿದ್ದೆ. ಆ ಸಲ ಸೊನ್ನೆ ಅಪರೂಪ. ಅಪ್ಪ ಶಿಳ್ಳೆ ಹಾಕುತ್ತಿದ್ದ.

ಭಾನುವಾರ ಇಳಿಹೊತ್ತಿಗೆ ಮಾಮ ಬಂದ. ತಿಪಟೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಸಾಬರ ಮಾಮ, ಅಪ್ಪನ ಗೆಳೆಯ. ಎರಡು ಕ್ಯಾಸೆಟ್ ಹಿಡಿಯುವ ದೊಡ್ಡ ಟೇಪ್ ರೆಕಾರ್ಡರನ್ನು ಸ್ಕೂಟರಿಗೆ ಕಟ್ಟಿ ತಂದಿದ್ದ. ಬೆಳಗಾದರೆ ಅಕ್ಕ ಓದಲು ತುಮಕೂರಿನ ಹಾಸ್ಟೆಲ್‌ಗೆ ಹೊರಡುವವಳು. ಮನೆಯಲ್ಲಿ ಒಬ್ಬೊಬ್ಬರೂ ತಮಗಿಷ್ಟದ ಒಂದೊಂದು ಹಾಡು ತುಂಬಿಸಿ ಅವಳಿಗೊಂದು ಕ್ಯಾಸೆಟ್ ಕೊಡಬೇಕೆಂದು ತೀರ್ಮಾನವಾಗಿತ್ತು.

ಮೊದಲು ಅಪ್ಪನ ನಾಟಕದ ಹಾಡು. ಬಾಣ ತಗುಲಿದ ರಾಜ ಎಷ್ಟು ಹಾಡಿದರೂ ಮುಗಿಸಲಿಲ್ಲ.

"ಸಾಯೋನ್ಗೆ ಇಷ್ಟೊಂದ್ ಉಸ್ರು ಎಲ್ಲಿಂದ ಬತ್ತದ್ರೀ?" ಎಂದಳು ಅಮ್ಮ.

ನನ್ನ ಹಾಡು ಬಂದಾಗ ಅಪ್ಪ ಸೇಡು ತೀರಿಸಿಕೊಂಡ. "ಇದ್ ಹಾಡೇನ್ಲಾ? ಮೆಟ್ಲಿಂದ ಬಾಣ್ಲಿ ಉಳ್ಳಿದಂಗೈತೆ!"

ಮಾಮ ತನ್ನ ಇಷ್ಟದ ಕವ್ವಾಲಿ ಹಾಕಿದ. ಅರ್ಥ ಯಾರಿಗೂ ಆಗಲಿಲ್ಲ. ಆದರೆ ಎರಡನೇ ಸುತ್ತಿಗೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು, ಅಪ್ಪನಂತೂ ಎಲ್ಲರಿಗಿಂತ ಜೋರು. ಕೊನೆಗೆ ಕ್ಯಾಸೆಟ್‌ನಲ್ಲಿ ಸ್ವಲ್ಪವೇ ಜಾಗ ಉಳಿಯಿತು. ಅಕ್ಕ ಅಜ್ಜಿಯ ಮುಂದೆ ಮಂಡಿಯೂರಿದಳು.

"ಅಜ್ಜಿ, ನಿನ್ ಹಾಡು ಇಲ್ದಿದ್ರೆ ನಂಗೆ ಈ ಕ್ಯಾಸೆಟ್ಟೇ ಬ್ಯಾಡ."

ಅಜ್ಜಿ ಬಾಯಿ ತೆರೆದಳು. ಮೊದಲ ಸಾಲೇ ಬರಲಿಲ್ಲ. ಮತ್ತೆ ತೆರೆದಳು, ಮತ್ತೆ ತಡವರಿಸಿದಳು. "ಕೈ ಆಡ್ದೆ ಬಾಯಿ ಆಡಾಕಿಲ್ಲ ಕಣೇ," ಎಂದು ಪೆಚ್ಚಾಗಿ ನಕ್ಕಳು. ನಿಜ, ಅವಳು ಹಾಡುತ್ತಿದ್ದದ್ದೆಲ್ಲ ಚಿಪ್ಪು ಬಿಡಿಸುವಾಗಲೇ. ಆದರೆ ಒಣಗಿದ ಕಾಯಿ ಅಷ್ಟೂ ಮುಗಿದಿತ್ತು. ನಾನು ಓಡಿಹೋಗಿ ರಾಶಿಯಿಂದ ಎರಡು ಖಾಲಿ ಚಿಪ್ಪು ತಂದುಕೊಟ್ಟೆ. ಅಜ್ಜಿ ಬಡಿದು ನೋಡಿ ಕೆಳಗಿಟ್ಟಳು.

"ಖಾಲಿ ಚಿಪ್ಗೆ ಹಾಡು ಹುಟ್ಟಾಕಿಲ್ಲ. ಬುಡು ಮಗಾ, ಮುಂದಿನ್ ಸಲ ಬಂದಾಗ ಹಾಡಾನ."

ಅಕ್ಕನ ಕಣ್ಣು ತುಂಬಿತು. ಆಗ ಅಪ್ಪ ಎದ್ದ. ಅಟ್ಟದ ಏಣಿ ಹತ್ತಿದ. ಹೊಸ ರಾಶಿಯಿಂದ ಒಂದು ಕಾಯಿ ಇಳಿಸಿ, ಗೂಟಕ್ಕೆ ಕುಕ್ಕಿ ಸುಲಿದು, ಅಜ್ಜಿಯ ಮಡಿಲಿಗಿಟ್ಟ. ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಲೋ, ಇದಿನ್ನೂ ಒಣಗಿಲ್ಲ ಕಣೋ!" ಎಂದಳು ಅಜ್ಜಿ.

"ಒಂದ್ ಹೋದ್ರೆ ಹೋಗ್ಲಿ ಬುಡವ್ವ. ಬಡಿ."

ಮಾಮ ಕೆಂಪು ಗುಂಡಿ ಒತ್ತಿದ. ಟೊಕ್, ಟೊಕ್, ಟೊಕ್. ಮಚ್ಚಿನ ಬೆನ್ನು ಚಿಪ್ಪಿನ ಸುತ್ತ ನಡೆಯತೊಡಗಿದ್ದೇ ತಡ, ಹಾಡು ತಾನಾಗಿ ಎದ್ದಿತು. ದೂರದೂರಿಗೆ ಹೊರಟ ಹುಡುಗಿಗೆ ದಾರಿಯ ಮರಗಳೆಲ್ಲ ನೆರಳು ಕೊಡಲಿ ಎನ್ನುವ ಹಾಡು ಅದು. ಅಜ್ಜಿಯ ಒಡಕು ದನಿ ಏರಿದಾಗ ಬಡಿತ ಚುರುಕಾಗುತ್ತಿತ್ತು, ಇಳಿದಾಗ ಮೆಲ್ಲಗಾಗುತ್ತಿತ್ತು. ಕೊನೆಯ ಸಾಲಿಗೆ ಸರಿಯಾಗಿ ಕಾಯಿ ಬಿರಿಯಿತು. ಒಳಗಿದ್ದ ನೀರು ಚಿಮ್ಮಿ ನೇರ ಮಾಮನ ಮುಖಕ್ಕೆ!

"ಯಾ ಅಲ್ಲಾ! ಮಿಷನ್ನು!" ಎಂದು ಮಾಮ ಟೇಪ್ ರೆಕಾರ್ಡರಿನ ಮೇಲೆ ಕವುಚಿ ಬಿದ್ದ. ನಾವು ನಕ್ಕ ನಗು, ಮಾಮನ ಕೂಗು ಎಲ್ಲವೂ ಕ್ಯಾಸೆಟ್‌ನಲ್ಲಿ ದಾಖಲಾದವು. ಆ ಅರೆಒಣಗಿದ ಕೊಬ್ಬರಿಯನ್ನು ಬೆಲ್ಲದ ಜೊತೆ ಎಲ್ಲರೂ ಹಂಚಿಕೊಂಡು ತಿಂದೆವು. ನನ್ನ ಲೆಕ್ಕದಲ್ಲಿ ಅದಕ್ಕೆ ಗೀಟು ಹಾಕುವುದೋ ಸೊನ್ನೆ ಹಾಕುವುದೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಅಲ್ಲೊಂದು ಸಣ್ಣ ಹೂವು ಬರೆದೆ.

ಮಕ್ಕಳೇ, ನೀವು ಅದೇ ಅಕ್ಕನ ಮೊಮ್ಮಕ್ಕಳು. ನಿಮ್ಮ ಫೋನಿನಲ್ಲಿ ಲೋಕದ ಹಾಡೆಲ್ಲ ಇವೆ, ಇಷ್ಟವಾದದ್ದನ್ನು ಬೆರಳು ಮುಟ್ಟಿಸಿ ಒಬ್ಬರಿಗೊಬ್ಬರು ಕಳಿಸುತ್ತೀರಿ. ಕಳೆದ ಭಾನುವಾರ ಸಂಜೆ ನೀವು ಸರದಿಯ ಮೇಲೆ ಹಾಡು ಹಾಕುತ್ತ, ಒಬ್ಬರ ಹಾಡನ್ನು ಇನ್ನೊಬ್ಬರು ಗೇಲಿ ಮಾಡುತ್ತ ಕೂತಾಗ ನನಗೆ ಬಲು ಖುಷಿಯಾಯಿತು. ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಕೊಂಡಿದ್ದ ಅಜ್ಜಿಯ ಆ ಹಾಡನ್ನು ನಾನೂ ಹಾಕಿದೆ.

"ಚಿಕ್ಕತಾತ, ಟೊಕ್ ಟೊಕ್ ಅನ್ನೋದು ಯಾವ ವಾದ್ಯ?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು.

ನಾನು ಹೇಳುವ ಮೊದಲೇ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಅದೇ ಹಾಡನ್ನು ಎತ್ತಿಕೊಂಡಿದ್ದಳು. ಅದೇ ಏರಿಳಿತ, ದನಿಯಲ್ಲಿ ಅದೇ ಒಡಕು. ಫೋನು ನಿಂತರೂ ಅವಳು ನಿಲ್ಲಿಸಲಿಲ್ಲ. ಮೊರದ ಕಾಯಿ ಮುಗಿದಾಗ ಮಾತ್ರ ಅರ್ಧ ಸಾಲಿಗೆ ನಿಲ್ಲಿಸಿದಳು.

ಚಿಕ್ಕವಳು ಒಳಗೆ ಓಡಿಹೋಗಿ ಇನ್ನೊಂದು ಬೊಗಸೆ ಅವರೆಕಾಯಿ ತಂದು ಮೊರಕ್ಕೆ ಸುರಿದಳು.